ಕೆಂದಿಯ ಮೂಲೆಗೆ ಒಂದಾಟ

ಹಸು ಕೆಂದಿ ಮನೆಯಲ್ಲೇ ಇರಬೇಕೋ, ಹೆಸರಘಟ್ಟದಲ್ಲಿರುವ ಕೃಷ್ಣಮ್ಮನ ತಂಗಿ ಮನೆಗೆ ಹೋಗಬೇಕೋ ಅನ್ನುವುದು ರಟ್ಟಿನ ಆಟವೊಂದರಲ್ಲಿ ತೀರ್ಮಾನವಾಗುತ್ತದೆ ಅಂತ ಯಾರಾದರೂ ಬೆಳಗ್ಗೆ ಹೇಳಿದ್ದರೆ, ಅಂಥವರ ಮುಖಕ್ಕೆ ಕೃಷ್ಣಮ್ಮ ಸಗಣಿ ನೀರು ಎರಚುತ್ತಿದ್ದಳು.

ಜಕ್ಕೂರಿನಲ್ಲಿ ಹೊಲವಿದ್ದ ಜಾಗದಲ್ಲೇ ಮಗ ಅಶ್ವತ್ಥ್ ಮಹಡಿ ಮೇಲೆ ಮಹಡಿ ಎಬ್ಬಿಸಿದ್ದ. ಹಿಂದಿನ ಮೂಲೆ ಮಾತ್ರ ಕೃಷ್ಣಮ್ಮನ ಹಸು ಕೆಂದಿಯದು. ಈಗ ಬಾಡಿಗೆಯವರ ಕಾರಿಗೆ ಅದೇ ಮೂಲೆ ಬೇಕಂತೆ. ತಾಯಿ ಮಗನ ಜಗಳ ಹಳಸಿ ವಾಸನೆ ಬರುವ ಹೊತ್ತಿಗೆ, ಸೊಸೆ ರಾಧಾಮಣಿ ಭಾನುವಾರ ಊಟವಾದ ಮೇಲೆ ಮಾಲ್‌ನಿಂದ ತಂದ ಆಟ ಹಾಸಿದಳು.

"ಗೆದ್ದೋರು ಹೇಳಿದ್ದೇ ಕೊನೆ. ಆಮೇಲೆ ಯಾರೂ ಉಸಿರೆತ್ತಂಗಿಲ್ಲ."

ಹಲಗೆಯ ತುಂಬ ದಾರಿ ಬರೆದ ಚೌಕದ ಬಿಲ್ಲೆಗಳು. ಸರದಿ ಬಂದವರು ಮಿಕ್ಕ ಒಂದು ಬಿಲ್ಲೆಯನ್ನು ಅಂಚಿನಿಂದ ಒಳಗೆ ತಳ್ಳಬೇಕು. ಇಡೀ ಸಾಲು ಸರಿದು, ದಾರಿಗಳೆಲ್ಲ ಬದಲಾಗಿ, ಆಚೆ ಕಡೆ ಇನ್ನೊಂದು ಬಿಲ್ಲೆ ಉದುರುತ್ತದೆ. ತೆರೆದ ದಾರಿಯಲ್ಲಿ ಕಾಯಿ ನಡೆಸಿ, ಬಿಲ್ಲೆಗಳ ಮೇಲೆ ಬರೆದ ತಮ್ಮ ಪಾಲಿನ ನಿಧಿಗಳನ್ನೆಲ್ಲ ಮುಟ್ಟಿ, ಮೊದಲು ಹಲಗೆಯ ಸ್ವಂತ ಮೂಲೆಗೆ ಮರಳಿದವರು ಗೆದ್ದ ಹಾಗೆ.

ಕೃಷ್ಣಮ್ಮನ ಗಂಡ ಚಿಕ್ಕಬೈರಪ್ಪ ಬಿಲ್ಲೆ ಮುಟ್ಟಲೇ ಇಲ್ಲ. "ನಾನ್ ತಳ್ಳಾಕಿಲ್ಲ. ಇನ್ನೊಬ್ರ ದಾರಿ ಸರಿಸೋದೂ ಒಂದೇ, ಗಡಿಕಲ್ಲು ಕೀಳೋದೂ ಒಂದೇ. ನಮ್ ವಂಶದಾಗೆ ಯಾರೂ ಮಾಡಿಲ್ಲ."

"ಅಪ್ಪಾ, ಇದು ರಟ್ಟು ಕಣಪ್ಪಾ!" ಅಶ್ವತ್ಥ್ ತಲೆ ಚಚ್ಚಿಕೊಂಡ.

"ರಟ್ಟಾದ್ರೇನು? ಪಾಪ ಏನ್ ತೂಕ ನೋಡ್ಕಂಡ್ ಬತ್ತದಾ?"

ಹೀಗೆ ತನ್ನ ಸರದಿ ಬಂದಾಗಲೆಲ್ಲ ಆತ ಕೈಮುಗಿದು ಸುಮ್ಮನಾಗುತ್ತಿದ್ದ. ಅಶ್ವತ್ಥ್ ಮಾತ್ರ ಸೈಟು ಕೊಳ್ಳುವವನ ಹಾಗೆ ನಿಧಿ ಮೇಲೆ ನಿಧಿ ಬಾಚಿದ. ಕೃಷ್ಣಮ್ಮನ ಕಾಯಿ ಮುಚ್ಚಿದ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅವಳಿಗೆ ಕಣ್ಣೆದುರೇ ಕೆಂದಿ ಲಾರಿ ಹತ್ತಿದಂತಾಯಿತು. ಗಂಡನೂ ತಳ್ಳಿದರಷ್ಟೇ ಮಗನನ್ನು ಕಟ್ಟಿಹಾಕಬಹುದು.

"ರೀ, ಇದು ಗಡಿ ಅಲ್ಲ ಕಣ್ರೀ," ಅಂದಳು ಮೆತ್ತಗೆ. "ಸೊಪ್ಪಿನ ಮಡಿಗೆ ನೀರು ಕಟ್ತಿದ್ರಲ್ಲ, ಅಂಗೆ ಅನ್ಕಳಿ. ಇಲ್ಲಿ ಮಣ್ಣೆಳೆದ್ರೆ ಅಲ್ಲಿ ಮುಚ್ಕತದೆ. ಅಲ್ಲೆಳೆದ್ರೆ ಇಲ್ಲಿ ತೆರ್ಕತದೆ."

ಚಿಕ್ಕಬೈರಪ್ಪ ಬಗ್ಗಿ ನೋಡಿದ. ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದ. "ಓಹೋ! ಈ ಕಾಲ್ವೆ ಬಾಯಿ ಮುಚ್ಚುದ್ರೆ ನೀರು ಆ ಕಡೀಕೋಯ್ತದೆ!" ಅಂದವನೇ ಬಿಲ್ಲೆ ತಳ್ಳಿದ. ಅಶ್ವತ್ಥನ ದಾರಿ ಟಪ್ಪನೆ ಮುಚ್ಚಿತು.

"ಅಪ್ಪಾ!"

"ಸುಮ್ಕಿರೋ. ನಿನ್ ಮಡಿ ತುಂಬೋಗದೆ."

ಕೃಷ್ಣಮ್ಮ ಒಳಗೊಳಗೇ ಹಿಗ್ಗಿದಳು. ಮುಂದಿನ ಸರದಿಯಲ್ಲಿ ಗಂಡ, ಆಗಷ್ಟೇ ತೆರೆದಿದ್ದ ಅವಳ ದಾರಿಯನ್ನೂ ಮುಚ್ಚಿದ.

"ರೀ, ನಾನು ಕಣ್ರೀ!"

"ನೀರಿಗೆ ಎಂಡ್ತಿ ಮಕ್ಳು ಗೊತ್ತಾಯ್ತದೇನೆ?"

ಆಮೇಲೆ ಅವನನ್ನು ಹಿಡಿಯುವವರಿಲ್ಲ. ತಿರುಗಿಸಿದ, ಕಟ್ಟಿದ, ಬಿಟ್ಟ. ಎಲ್ಲರೂ ನೋಡುತ್ತಿದ್ದಂತೆ ನಿಧಿಗಳನ್ನೆಲ್ಲ ಮುಟ್ಟಿ ಎಲ್ಲರಿಗಿಂತ ಮೊದಲು ತನ್ನ ಮೂಲೆಗೆ ಬಂದು, ಹೆಗಲ ಮೇಲಿನ ಟವಲು ಕೊಡವಿದ.

ಕೃಷ್ಣಮ್ಮ ಗಂಡನ ಕಡೆ ತಿರುಗಿದಳು. ಅವನು ಕಿಟಕಿಯಾಚೆ ಕೆಂದಿಯ ಮೂಲೆಯನ್ನು ದಿಟ್ಟಿಸುತ್ತಿದ್ದ.

"ಆ ಮೂಲೆ ನಂಗೇ ಬೇಕು. ದಂಟು, ಮೆಂತ್ಯ ಆಕ್ತೀನಿ. ಕೈ ತುರಿಸ್ತಾ ಅದೆ."

ಕಾರೂ ಇಲ್ಲ, ಹಸುವೂ ಇಲ್ಲ! ಕೃಷ್ಣಮ್ಮ, "ಆಕಿ, ಯಾರ್ ಬ್ಯಾಡಾಂದ್ರು? ಗೊಬ್ಬರಕ್ಕೇನ್ ಮಾಡ್ತೀರಾ?" ಅಂದಳು.

ಚಿಕ್ಕಬೈರಪ್ಪ ಗಲ್ಲ ಕೆರೆದುಕೊಂಡ.

"ಮೂಟೆ ತಂದ್ಕೊಡ್ತೀನಪ್ಪಾ, ನರ್ಸರೀಲಿ ಸಿಗುತ್ತೆ," ಅಂದ ಅಶ್ವತ್ಥ್ ಅವಸರದಲ್ಲಿ.

"ಮೂಟೆ ಗೊಬ್ಬರ ನೀನೇ ತಿನ್ನು! ಕೆಂದಿ ಅಲ್ಲೇ ಇರ್ಲಿ. ಪಕ್ಕದಾಗೆ ನನ್ ಮಡಿ."

ರಾಧಾಮಣಿ ಗಂಡನ ಕೈಗೆ ಫೋನು ಕೊಟ್ಟಳು. ಅವನು ಬಾಡಿಗೆಯವರ ನಂಬರು ಒತ್ತಿ, ಬಹಳ ಹೊತ್ತು ಗಂಟಲು ಸರಿಮಾಡಿಕೊಂಡ.

"ಸಾರ್, ಪಾರ್ಕಿಂಗ್ ವಿಷ್ಯ... ಅಲ್ಲಾ, ನಿಮ್ ಮನೇಲಿ ಮೆಂತ್ಯ ಸೊಪ್ಪು ತಿಂತೀರಾ ಸಾರ್?"