ಗಡುವು ಮುಗಿದ ಮೇಲೆ

ಅಕ್ಕ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದಳು. ತಮ್ಮ ಪಕ್ಕದ ದೇಶದ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಒಂದು ದಿನ ಅವನ ಕ್ರೇನಿನಿಂದ ಪೆಟ್ಟಿಗೆ ಕಳಚಿ ಬಿದ್ದು ಕೂಲಿಯೊಬ್ಬ ಸತ್ತ. ಹೆದರಿ ಗಡಿ ದಾಟಿ ಅಕ್ಕನ ಮನೆ ಸೇರಿದವನನ್ನು, ಆ ದೇಶ ಕೇಳಿಕೊಂಡದ್ದರಿಂದ, ಇಲ್ಲಿನ ಪೊಲೀಸರು ಹಿಡಿದು ಜೈಲಿಗೆ ಹಾಕಿದರು.

“ಇವನನ್ನ ಒಪ್ಪಿಸಿ ಅಂತ ಆ ದೇಶದವರು ಎರಡು ತಿಂಗಳೊಳಗೆ ಸರಿಯಾದ ಕಾಗದಪತ್ರ ಕಳಿಸ್ಬೇಕು,” ಎಂದರು ಅಕ್ಕ ಗೊತ್ತುಮಾಡಿದ ವಕೀಲರು. “ಇಲ್ದಿದ್ರೆ ಇವನನ್ನ ಜೈಲಲ್ಲಿ ಇಟ್ಕೊಳ್ಳೋ ಹಾಗಿಲ್ಲ.”

ಅಂದಿನಿಂದ ಅಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒಗೆದ ಚಾದರಗಳನ್ನೇ ಮತ್ತೆ ಯಂತ್ರಕ್ಕೆ ತುಂಬುತ್ತಿದ್ದಳು. ಗಡುವಿನ ಕೊನೆಯ ದಿನ ನ್ಯಾಯಾಲಯದ ಬಾಗಿಲು ಕಿರ್ರೆಂದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಲಕೋಟೆ ಹಿಡಿದ ಜವಾನನೊಬ್ಬ ಒಳಬಂದ. ಅದು ಬೇರೆ ಮೊಕದ್ದಮೆಯದು.

“ಕಾಗದ ಬಂತಾ?” ನ್ಯಾಯಾಧೀಶರು ಸರ್ಕಾರಿ ವಕೀಲರನ್ನು ಕೇಳಿದರು.

“ಇಲ್ಲ ಸ್ವಾಮಿ. ಇನ್ನೊಂದು ವಾರ ಕೊಟ್ರೆ...”

“ಕಾನೂನು ಕೊಡಲ್ಲ, ನಾನೆಲ್ಲಿಂದ ಕೊಡ್ಲಿ? ಬಿಟ್ಬಿಡಿ ಅವನನ್ನ.”

ಹೊರಗೆ ಬಂದ ಮೇಲೆ ಅಕ್ಕನ ವಕೀಲರು ತಗ್ಗಿದ ದನಿಯಲ್ಲಿ ಎಚ್ಚರಿಸಿದರು: “ಕಾಗದ ತಡವಾಗಿ ಬಂದ್ರೂ ಮತ್ತೆ ಹಿಡೀಬಹುದಮ್ಮಾ.”

ಮೆಟ್ಟಿಲ ಮೇಲೆ ಸಪ್ಪಳವಾದರೆ ಸಾಕು, ತಮ್ಮ ಉಣ್ಣುವ ತಟ್ಟೆ ಬಿಟ್ಟು ಏಳುತ್ತಿದ್ದ. ಮನೆಯೊಳಗೂ ಬೂಟು ಕಳಚುತ್ತಿರಲಿಲ್ಲ.

“ಊರಿನವರ ಬಟ್ಟೆ ಒಗೆದು ಬಂದು ನಿನ್ನ ಹೆಜ್ಜೆನೂ ನಾನೇ ಒರೆಸ್ಬೇಕೇನೋ?” ಎಂದಳು ಅಕ್ಕ.

ಅವನು ನಗಲಿಲ್ಲ. “ಅಕ್ಕಾ, ಕ್ರೇನಿನ ಕೊಕ್ಕೆ ಸವೆದಿದೆ ಅಂತ ಮೇಸ್ತ್ರಿಗೆ ಮೊದಲೇ ಹೇಳಿದ್ದೆ. ಅದನ್ನ ಯಾರ ಮುಂದೂ ಹೇಳದೆ ಓಡಿ ಬಂದೆ.”

“ಈಗ ಹೇಳಿದ್ರೆ ನಂಬ್ತಾರಾ?”

“ಗೊತ್ತಿಲ್ಲ. ದಿನಾ ಹೀಗೆ ಹೆದರಿ ಸಾಯೋಕಾಗಲ್ಲ. ಅವರು ಕರೆಸೋ ಮುಂಚೆ ನಾನೇ ಹೋಗ್ತೀನಿ.”

ಅಕ್ಕ ಬೈದಳು, ಅತ್ತಳು, ಮಾತು ಬಿಟ್ಟಳು. ಕೊನೆಗೆ ರಜೆ ಹಾಕಿ ಅವನ ಜೊತೆ ರೈಲು ಹತ್ತಿದಳು.

ಗಡಿಯಲ್ಲಿ ಅವನು ತಾನಾಗಿಯೇ ಆ ದೇಶದ ಪೊಲೀಸರ ಬಳಿ ಹೋದ. ವಿಚಾರಣೆಯಲ್ಲಿ ಮೇಸ್ತ್ರಿ, ತನಗೇನೂ ಗೊತ್ತಿಲ್ಲವೆಂದು ಕೈ ತೊಳೆದುಕೊಂಡ. ಆದರೆ ಕೊಕ್ಕೆಯ ಮಾತು ಕೇಳಿಸಿಕೊಂಡಿದ್ದ ಹಮಾಲಿಯೊಬ್ಬ ಎದ್ದು ನಿಂತು ಸಾಕ್ಷಿ ಹೇಳಿದ. ತಮ್ಮನ ಮೇಲಿದ್ದ ಸಾವಿನ ಆರೋಪ ಬಿದ್ದುಹೋಯಿತು. ಓಡಿಹೋದದ್ದಕ್ಕೆ ಕೆಲವು ತಿಂಗಳ ಶಿಕ್ಷೆಯಾಯಿತು.

ತೀರ್ಪಿನ ದಿನ ಸತ್ತವನ ಹೆಂಡತಿ ಅಕ್ಕನನ್ನು ಹುಡುಕಿಕೊಂಡು ಬಂದಳು. ಅಕ್ಕ ಗಾಬರಿಯಿಂದ ಎದ್ದು ನಿಂತಳು.

“ನಿಮ್ಮ ತಮ್ಮ ಬರದೇ ಇದ್ದಿದ್ರೆ, ಕ್ರೇನ್ ಕೆಳಗೆ ನಿಂತಿದ್ದು ನನ್ನ ಗಂಡಂದೇ ತಪ್ಪು ಅಂತ ಮುಗಿಸಿಬಿಡ್ತಿದ್ರು,” ಎಂದಳು ಆಕೆ.

ಅಕ್ಕ ಆಕೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.