ಶಿವದಾರಕ್ಕೆ ಕೂತ ಹರಳು

ಗಂಡ ಬಿಟ್ಟವಳು ಅನ್ನಿಸಿಕೊಂಡು ಬದುಕುವುದಿದೆಯಲ್ಲ, ಆ ಪಾಡು ಹಗೆಗೂ ಬೇಡ. ಎಪ್ಪತ್ತೆರಡನೇ ಇಸವಿಯ ಮಾತು. ಕಾಂದಿವಲಿಯ ಚಾಳಿನಲ್ಲಿ ರಾಚವ್ವ ವರ್ಷವಿಡೀ ಆ ಹೆಸರು ಹೊತ್ತು ತಿರುಗಿದಳು. ಹೋದ ದಸರೆ ಮುಗಿದ ಮೇಲೆ ಮೈಲುತುತ್ತದ ಕಾರ್ಖಾನೆಗೆ ಕೆಲಸಕ್ಕೆಂದು ಹೋದ ಅವಳ ಗಂಡ ಅಣವೀರಪ್ಪ ತಿರುಗಿ ಬಂದಿರಲಿಲ್ಲ. ಇಬ್ಬರನ್ನೂ ಸಿಂದಗಿಯಿಂದ ಮುಂಬಯಿಗೆ ಕರೆತಂದು ಕೆಲಸಕ್ಕೆ ಹಚ್ಚಿದ ಮುಕಾದಮ ನಿಂಗಣ್ಣ ಬಾಗಿಲಲ್ಲಿ ನಿಂತು ಹೇಳಿಹೋಗಿದ್ದ: "ಅಂವ ಒಬ್ಬಾಕಿ ಜೋಡಿ ಲೋಕಲ್ ಹತ್ತಿದ್ದು ಕಣ್ಣಾರೆ ನೋಡೀನಿ, ತಂಗಿ."

ಅಷ್ಟು ಸಾಕಾಯಿತು ಚಾಳಿಗೆ. ಆ ಒಂದು ಮಾತಿನ ಮೇಲೆ ಎಷ್ಟೆಲ್ಲ ಮಾತು ಬೆಳೆದವು! ನಲ್ಲಿಯ ಹತ್ತಿರ ಇಂದ್ರಾಬಾಯಿ ಕೊಡ ಮುಂದೆ ತಳ್ಳಿ, "ಹಣಿಮ್ಯಾಲಿನ ಕುಂಕುಮ ಯಾರ ಸಲುವಾಗಿ ಬೇ?" ಅಂತ ಕೆಣಕುವಳು. ರಾಚವ್ವ ಸುಮ್ಮನಿರುವ ಹೆಂಗಸಲ್ಲ, ಬೈದು ಇಂದ್ರಾಬಾಯಿಯ ನೀರಿಳಿಸುವಳು. ಒಳಗೆ ಬಂದು ಗಂಡನಿಗೆ ಹಿಡಿಶಾಪ ಹಾಕುವಳು. ಬದುಕಿದ್ದರೆ ಕೊರಳಪಟ್ಟಿ ಹಿಡಿದು ಕೇಳಬೇಕು, ಸತ್ತಿದ್ದರೆ ಅತ್ತು ಮುಗಿಸಬೇಕು. ಅವಳಿಗೆ ಎರಡೂ ಇರಲಿಲ್ಲ.

ಹೊಟ್ಟೆ ಕೇಳಬೇಕಲ್ಲ, ಅದೇ ಕಾರ್ಖಾನೆಯಲ್ಲಿ ಹರಳು ಬಿಡಿಸುವ ಕೆಲಸಕ್ಕೆ ಸೇರಿದಳು. ಸೇರಿಸಿದವನೂ ನಿಂಗಣ್ಣನೇ, ಕಲಿಸಿದವನೂ ಅವನೇ. ಹಳೆಯ ತಾಮ್ರದ ತಂತಿಯನ್ನು ಆಸಿಡ್ಡಿನಲ್ಲಿ ಕುದಿಸಿ, ಆ ನೀಲಿ ರಸವನ್ನು ಆಳುದ್ದದ ಟಾಕಿಗೆ ಬಿಡುತ್ತಿದ್ದರು. ಮೇಲೆ ಅಡ್ಡ ಬಿದಿರು ಇಟ್ಟು ಸಾಲಾಗಿ ದಾರ ಇಳಿಬಿಡುತ್ತಿದ್ದರು. ರಸ ಆರುತ್ತ ಬಂದಂತೆ ದಾರಕ್ಕೆ ಸಾಸಿವೆಯಷ್ಟು ಹರಳು ಕೂರುತ್ತಿತ್ತು. ಒಂದು ಕೂತಿತೆಂದರೆ ಉಳಿದದ್ದೆಲ್ಲ ಬಂದು ಅದಕ್ಕೇ ಅಂಟಿಕೊಂಡು ಬೆಳೆಯುತ್ತಿತ್ತು.

"ಗಡಬಡಿಸಿ ಆರಿಸಿದ್ರ ಸಕ್ಕರಿಯಂಥಾ ಪುಡಿ ಆಗತೈತಿ. ಆಸಿಡ್ ಹೆಚ್ಚಾದ್ರೂ ಸಣ್ಣ ಸಣ್ಣವ ಬೀಳತಾವ. ಕಬ್ಬಿಣ ಬಿತ್ತಂದ್ರ ಹಸರಗಟ್ಟತೈತಿ," ಎಂದಿದ್ದ ನಿಂಗಣ್ಣ. "ಸಾವಕಾಶ ಆರಬೇಕು, ಯಾರೂ ಅಲಗಾಡಸಬಾರದು. ಆವಾಗ ಮುಷ್ಟಿಗಾತ್ರ ಬೆಳೀತಾವ ನೋಡು."

"ದಾರ ಇಲ್ಲದಿದ್ರ?"

"ಏನ್ ಸಿಗತೈತಿ ಅದಕ್ಕ ಕುಂಡರತೈತಿ. ಕಸಾ, ಕಡ್ಡಿ..." ಅಂದವನು ಯಾಕೋ ಅಲ್ಲಿಗೇ ಬಾಯಿ ಮುಚ್ಚಿಕೊಂಡ.

ಟಾಕಿಯ ತಳಕ್ಕೆ ಕಟ್ಟಿದ ಹೆಪ್ಪನ್ನು ಕೆತ್ತಿ ತೆಗೆಯುವುದು ವರ್ಷಕ್ಕೊಮ್ಮೆ, ಖಂಡೇ ನವಮಿಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ. ಆ ಸಲ ರಾಚವ್ವನೂ ಟಾಕಿಗೆ ಇಳಿದಳು. ಯಾರ ಕೈಯೂ ತಾಗದ ಮೂಲೆಯಲ್ಲಿ ತೆಂಗಿನಕಾಯಿ ಗಾತ್ರದ ಹರಳೊಂದು ಬೆಳೆದಿತ್ತು. ಸುತ್ತಿಗೆ ತಾಗಿದ್ದೇ ಅದರ ಒಂದು ಮಗ್ಗುಲು ಬಿಚ್ಚಿತು. ಒಳಗೆ ದಾರ. ಕಾರ್ಖಾನೆಯ ಸುತಳಿಯಲ್ಲ, ಕೈಯಲ್ಲಿ ಹೊಸೆದ ಶಿವದಾರ. ಅದರ ತುದಿಯಲ್ಲಿ ಬೆಳ್ಳಿಯ ಕರಡಿಗೆ, ಲಿಂಗ ಇಟ್ಟುಕೊಳ್ಳುವ ಆ ಪುಟ್ಟ ಡಬ್ಬಿ. ಮದುವೆಯಾದ ವರ್ಷ ಹೊಸ್ತಿಲಿಗೆ ಬಡಿದು ನೆಗ್ಗಿದ್ದ ಗುರುತು ಹಾಗೇ ಇತ್ತು.

ಅಯ್ಯೋ ಶಿವನೇ! ಅಣವೀರಪ್ಪ ಹೆಂಡತಿಯನ್ನು ಬಿಟ್ಟಾನು, ಊರು ಬಿಟ್ಟಾನು. ಉಸಿರಿರುವ ತನಕ ಎದೆಯ ಮೇಲಿನ ಲಿಂಗ ಕಳಚುವವನಲ್ಲ. ದಾರದ ಗಂಟು ಬಿಚ್ಚಿರಲಿಲ್ಲ. ದಾರ ಹರಿದಿತ್ತು. ರಾಚವ್ವ ಹರಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಯಾರಿಗೂ ಹೇಳದೆ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಟಾಕಿಯ ಪಕ್ಕದ ಹಲಗೆಯ ಮೇಲೆ ಸುತ್ತಿಗೆ, ಜರಡಿ, ಪಾನಾಗಳಿಗೆ ಅರಿಸಿನ ಕುಂಕುಮ ಹಚ್ಚಿ ಚೆಂಡುಹೂ ಏರಿಸಿದ್ದರು. ಆಳುಗಳೆಲ್ಲ ಸೇರಿದ್ದರು. ಕಾರ್ಖಾನೆಯ ಮಾಲೀಕ ಸೇಠ ಕಾಯಿ ಒಡೆದ, ನಿಂಗಣ್ಣ ಆರತಿ ಎತ್ತಿದ. ರಾಚವ್ವ ಮುಂದೆ ಬಂದು, ಒಡೆದ ಮಗ್ಗುಲು ನಿಂಗಣ್ಣನ ಕಡೆ ತಿರುಗಿಸಿ ಹರಳನ್ನು ಸಾಮಾನುಗಳ ನಡುವೆ ಇಟ್ಟಳು.

"ಅರೆ ವಾಹ್! ಕಿತನಾ ಬಡಾ!" ಸೇಠ ಹಿರಿಹಿರಿ ಹಿಗ್ಗಿದ. ಇದು ಹೇಗೆ ಇಷ್ಟು ಬೆಳೆಯಿತು ಅಂತ ನಿಂಗಣ್ಣನನ್ನು ಕೇಳಿದ.

"ಹೇಳ್ರಿ ಯಣ್ಣಾ," ಅಂದಳು ರಾಚವ್ವ. "ಏನಕ್ಕ ಕುಂತು ಬೆಳದೈತಿ, ಸೇಠಗ ಹೇಳ್ರಿ."

ನಿಂಗಣ್ಣ ನೆಗ್ಗಿದ ಕರಡಿಗೆ ನೋಡಿದ. ಆರತಿ ತಟ್ಟೆ ಕೈಜಾರಿ ಬಿತ್ತು. ಅವನ ಕೈ ತಾನಾಗಿ ತನ್ನ ಎದೆಯ ಮೇಲಿನ ಲಿಂಗಕ್ಕೆ ಹೋಯಿತು.

"ಕಾಲ ಜಾರಿ ಬಿದ್ದ, ತಂಗಿ... ಕುದಿಯೋ ರಸ. ಎತ್ತೂದರಾಗ ಮುಗದಿತ್ತು. ಪೊಲೀಸ್ರು ಬಂದ್ರ ಕಾರ್ಖಾನಿ ಮುಚ್ಚತೈತಿ, ಎಲ್ಲಾರೂ ಬೀದಿಗೆ ಬೀಳ್ತೀರಿ ಅಂದ ಸೇಠ. ನಾನೂ ಅವನ ಮಾತು ಕೇಳಿದೆ."

"ಎಲ್ಲಿ ಇಟ್ರಿ?"

"ಖಾಡ್ಯಾಗ. ಸಮುದ್ರದ ಹಿನ್ನೀರಿನ ಕೆಸರಿನಾಗ."

ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುವುದು ಅವರ ಪದ್ಧತಿ. ರಾಚವ್ವ ಕೇಳಿದಳು: "ಕುಂಡ್ರಿಸೀರೇನು?"

ನಿಂಗಣ್ಣ ತಲೆ ಅಲ್ಲಾಡಿಸಿದ. ಇಲ್ಲ.

ಸೇಠ ಹರಳಿಗೆ ಕೈಚಾಚಿದ. ಅಷ್ಟರಲ್ಲಿ ರಾಚವ್ವ ಅದನ್ನು ಎತ್ತಿ ಎದೆಗೆ ಅವಚಿಕೊಂಡಿದ್ದಳು. ಇನ್ನೊಂದು ಕೈಯನ್ನು ಟಾಕಿಯ ಅಂಚಿಗೆ ಬಡಿದಳು, ಹರಳನ್ನು ಆ ಕೈಗೆ ಬದಲಿಸಿ ಈ ಕೈಯನ್ನೂ ಬಡಿದಳು. ಹಸಿರು ಬಳೆಗಳೆಲ್ಲ ಚೂರಾಗಿ ಟಾಕಿಯೊಳಗೆ ಬಿದ್ದವು.

"ಇನ್ನ ಯಾರೂ ನನ್ನ ಗಂಡ ಬಿಟ್ಟಾಕಿ ಅನಬ್ಯಾಡ್ರಿ," ಅಂದಳು. "ನನ್ನ ಗಂಡ ಸತ್ತಾನ."

ಆಮೇಲೆ ಅಲ್ಲೇ ನೆಲಕ್ಕೆ ಕೂತು, ವರ್ಷದಿಂದ ಅಳದೆ ಇಟ್ಟುಕೊಂಡದ್ದನ್ನೆಲ್ಲ ಬಾಯಿಬಿಟ್ಟು ಅತ್ತಳು.