ಆರು ಜನರನ್ನು ತೆಗೆದರೆ

ಹೆಮ್ಮೆ ತಡೆಯಲಾರದೆ ಪೆರುಮಾಳ್ ಬಾಯಿಬಿಟ್ಟ.

"ನನ್ ಕೈ ನೋಡಿದ್ರಲ್ಲಮ್ಮಾ? ದೀಪ ಹತ್ತೋದೇ ತಡ, ಟಪ್! ಸುಮ್ನೆ ಬಂತಾ ಅದು? ದಿನಾ ಸಾಯಂಕಾಲ ಲೈನ್ ಮನೆ ಮುಂದೆ ಕೂತು ಟಾರ್ಚು ಬಿಡಿಸ್ಕೊಂಡು ತಟ್ಟೆ ಬಡ್ದಿದೀನಿ. ಎಂಡ್ತಿ ಬೈದೂ ಬೈದೂ ಸಾಕಾದ್ಳು."

ರತ್ನಳ ಕೈಯಲ್ಲಿದ್ದ ಟೀ ಲೋಟ ಬಾಯಿಯವರೆಗೆ ಹೋಗದೆ ನಿಂತಿತು.

ಎಂಬತ್ತನಾಲ್ಕರ ಬೇಸಿಗೆ ಅದು. ಬಂಗಾರಪೇಟೆಯಿಂದ ದಿನವೂ ರೈಲು ಹತ್ತಿ ಬಂದು, ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯ ಒಂದು ಕೋಣೆಯಲ್ಲಿ ಅವಳು ಗಣಿ ಕೆಲಸಗಾರರ ಕೈಚುರುಕು ಅಳೆಯುತ್ತಿದ್ದಳು. ದೀಪ ಹತ್ತಿದೊಡನೆ ಗುಂಡಿ ಒತ್ತಬೇಕು. ಎಷ್ಟು ತಡವಾಯಿತೆಂದು ಯಂತ್ರ ತೋರಿಸುತ್ತದೆ. ಆಳದ ಶಿಫ್ಟು ಮುಗಿಸಿ ಬಂದವರು ಇಪ್ಪತ್ತು, ನೆಲದ ಮೇಲೇ ದುಡಿಯುವವರು ಇಪ್ಪತ್ತು. ಆಳದ ಕಾವಿಗೆ ಮನಸ್ಸು ಮಂಕಾಗಿ ಕೈ ನಿಧಾನವಾಗುತ್ತದೆಂದು ರುಜುವಾತಾದರೆ ಆಳದವರ ಶಿಫ್ಟನ್ನು ಒಂದು ಗಂಟೆ ಇಳಿಸಲು ಗಣಿ ಆಡಳಿತದ ಸಮಿತಿ ಒಪ್ಪಿತ್ತು. ಅದು ಸೇರುವುದು ಅಂದು ಮಧ್ಯಾಹ್ನವೇ.

"ತಟ್ಟೆ ಯಾಕೆ ಬಡಿದ್ರಿ?"

"ನಿಧಾನ ಆದೋರನ್ನ ಆಳದಿಂದ ತೆಗೆದಾಕ್ತಾರೆ ಅಂತ ಸುದ್ದಿ ಅಲ್ವಾ. ಮೇಲಿನ ಕೂಲೀಲಿ ಸಂಸಾರ ಎಂಗಮ್ಮಾ?"

ಪರೀಕ್ಷೆ ಯಾತಕ್ಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದರೆ ಬೇಕೆಂದೇ ನಿಧಾನ ಮಾಡಿಯಾರೆಂದು ರತ್ನಳ ಪ್ರೊಫೆಸರ್ ಶ್ರೀನಿವಾಸಪ್ಪನವರೂ ಯೂನಿಯನ್ನಿನ ಕುಪ್ಪುಸ್ವಾಮಿಯೂ ಸೇರಿ ಮುಚ್ಚಿಟ್ಟಿದ್ದರು.

ಸಂಗತಿ ತಿಳಿದು ಪ್ರೊಫೆಸರರ ಮುಖ ಅರಳಿತು. "ದಾರಿ ಸಿಕ್ಕಿತಲ್ಲಮ್ಮ!"

ಇಪ್ಪತ್ತೂ ಜನರನ್ನು ಹಿಡಿದರೆ ಎರಡು ಗುಂಪುಗಳ ನಡುವಿನ ಅಂತರ ಏನೇನೂ ಸಾಲದು, ಆಕಸ್ಮಿಕವಾಗಿಯೂ ಬಂದಿರಬಹುದು. ಆಳದವರಲ್ಲಿ ತೀರ ಚುರುಕಾಗಿದ್ದ ಆರು ಜನರನ್ನು ತೆಗೆದರೆ ಅಂತರ ಎದ್ದು ಕಾಣುತ್ತಿತ್ತು.

"ಅಭ್ಯಾಸ ಮಾಡಿ ಬಂದವರು. ಹೊರಗಿಡೋದೇ ನ್ಯಾಯ."

"ಹೇಳಿದ್ದು ಪೆರುಮಾಳ್ ಒಬ್ಬರು ಸರ್. ನಿಧಾನವಾದವರನ್ನ ನಾವು ಕೇಳೇ ಇಲ್ಲವಲ್ಲ."

"ಅವರನ್ನ ಯಾಕೆ ಕೇಳಬೇಕು?"

ಬಾಗಿಲಿಗೆ ಒರಗಿದ್ದ ಕುಪ್ಪುಸ್ವಾಮಿ ಬೀಡಿ ಎಸೆದ. "ಕೇಳ್ಬೇಡ ಅಮ್ಮಣ್ಣಿ. ಒಂದು ಗಂಟೆ ಕಣಮ್ಮ! ನಮ್ಮಣ್ಣ ಕಲ್ಲು ಸಿಡಿದು ಸತ್ತಿದ್ದು ಶಿಫ್ಟು ಮುಗಿಯೋ ಕಡೇ ಗಂಟೇಲಿ."

ರತ್ನಳಿಗೂ ಆ ಗಂಟೆ ಬೇಕಾಗಿತ್ತು. ಆದರೂ ಕಾಲುಗಳು ಹೊರಗೆ ನಡೆದವು.

ಕೆಳಗಿಳಿಯಲು ಸಾಲು ನಿಂತವರಲ್ಲಿ ಆರುಮುಗಂ ಇದ್ದ. ಇಪ್ಪತ್ತರಲ್ಲೂ ಅತಿ ನಿಧಾನದ ಕೈ ಅವನದು. ಅವಳು ಕೇಳಿದಾಗ ನಾಚಿಕೊಂಡ.

"ಬಡ್ದೆನಮ್ಮಾ. ಪೆರುಮಾಳ್‌ಗಿಂತ ಜಾಸ್ತೀನೇ ಬಡ್ದೆ. ತಟ್ಟೆ ಸೊಟ್ಟ ಆಯ್ತು, ಕೈ ನೆಟ್ಟಗಾಗ್ಲಿಲ್ಲ."

"ಈಗ ಆ ತಟ್ಟೇಲಿ ಅನ್ನ ಹಾಕಿದ್ರೆ ಸಾಂಬಾರು ಪಕ್ಕದ್ಮನೇಗ್ ಓಯ್ತದೆ!" ಹಿಂದಿನವನೊಬ್ಬ ಕೂಗಿದ. ಸಾಲಿಗೆ ಸಾಲೇ ನಕ್ಕಿತು. ನಾವೂ ಬಡಿದೆವು ಎಂದು ಮತ್ತಿಬ್ಬರು ಒಪ್ಪಿಕೊಂಡರು. ಅವರೂ ನಿಧಾನದವರೇ.

ರತ್ನ ನಗಲಿಲ್ಲ. ಆರು ಜನರನ್ನು ತೆಗೆಯಲು ಇದ್ದ ಒಂದೇ ಕಾರಣವೂ ಹೋಗಿತ್ತು. ಇನ್ನು ಅವರ ತಪ್ಪೆಂದರೆ ಬೇಡದ ಉತ್ತರ ಕೊಟ್ಟದ್ದು ಮಾತ್ರ.

ಸಮಿತಿಯ ಮುಂದೆ ಪ್ರೊಫೆಸರರು ಹದಿನಾಲ್ಕು ಜನರ ಹಾಳೆಯನ್ನು ಅವಳತ್ತ ಸರಿಸಿದರು. "ಓದಮ್ಮ." ಎದುರಿಗೆ ಕುಪ್ಪುಸ್ವಾಮಿ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದ. ಅವಳು ಹಾಳೆಯನ್ನು ಮಗುಚಿಟ್ಟು, ಇಪ್ಪತ್ತು ಜನರ ಲೆಕ್ಕ ತೆಗೆದು, ಹೆಸರು ಬಿಟ್ಟು ಅಂಕಿಗಳನ್ನಷ್ಟೇ ಓದಿದಳು.

"ಆರು ಜನರನ್ನ ತೆಗೆದರೆ ವ್ಯತ್ಯಾಸ ಕಾಣುತ್ತೆ. ತೆಗೆಯೋಕೆ ಕಾರಣ ಇಲ್ಲ. ಅಭ್ಯಾಸ ಮಾಡಿದವರು ಚುರುಕಿನವರಲ್ಲೂ ಇದ್ದಾರೆ, ನಿಧಾನದವರಲ್ಲೂ ಇದ್ದಾರೆ."

"ಅಂದರೆ ಆಳದ ಕೆಲಸದಿಂದ ಏನೂ ಆಗೋದಿಲ್ಲ," ಎಂದ ಸಮಿತಿಯ ಅಧಿಕಾರಿ.

"ಹಾಗೆ ಹೇಳಲಿಲ್ಲ ಸರ್. ಗೊತ್ತಿಲ್ಲ ಅಂದೆ. ಮತ್ತೆ ಅಳೆಯಬೇಕು."

"ಅಳೆಯಿರಿ. ಅಲ್ಲಿವರೆಗೆ ಶಿಫ್ಟು ಇದ್ದ ಹಾಗೇ ಇರಲಿ." ಅವನು ಪೆನ್ನು ಮುಚ್ಚಿದ.

ಪ್ರೊಫೆಸರರ ಕಾರು ಅವಳನ್ನು ಬಿಟ್ಟೇ ಹೊರಟಿತು. ಕುಪ್ಪುಸ್ವಾಮಿ ಮಾತ್ರ ಮೆಟ್ಟಿಲ ಮೇಲೆ ಅಡ್ಡ ನಿಂತ.

"ನಿನ್ ಕೈಲಿ ಒಂದು ಗಂಟೆ ಇತ್ತು. ಬಿಸಾಕ್ಬಿಟ್ಟೆ. ಇನ್ನು ಯಾವನು ಬತ್ತಾನೆ ನಿನ್ ದೀಪ ನೋಡಕ್ಕೆ?"

ಅವಳು ಅವನ ಪಕ್ಕದಿಂದ ಇಳಿದು ರೈಲಿನತ್ತ ನಡೆದಳು.

ಮರುದಿನ ಅವಳು ಯೂನಿಯನ್ ಕಚೇರಿಯ ಹೊರಗಿನ ಕರಿಹಲಗೆ ಒರೆಸಿ ಬರೆದಳು: ಈ ಪರೀಕ್ಷೆ ಆಳದ ಶಿಫ್ಟು ಇಳಿಸಲು ಕಾರಣವಿದೆಯೇ ಎಂದು ನೋಡಲಿಕ್ಕೆ. ಯಾರನ್ನು ಲೆಕ್ಕಕ್ಕೆ ಹಿಡಿಯುತ್ತೇವೆಂದು ಮೊದಲೇ ಇಲ್ಲಿ ಬರೆಯುತ್ತೇವೆ. ಅಳೆದ ಮೇಲೆ ಯಾರನ್ನೂ ತೆಗೆಯುವುದಿಲ್ಲ. ಅಂಕಿಯೆಲ್ಲ ಇದೇ ಹಲಗೆಯ ಮೇಲೆ. ಯಾರು ಬೇಕಾದರೂ ಕೂಡಿ ನೋಡಬಹುದು.

ಬೆನ್ನ ಹಿಂದೆ ಕುಪ್ಪುಸ್ವಾಮಿಯ ದನಿ. "ಶಿಫ್ಟು ಇಳಿಸೋಕೆ ಅಂತ ಬರ್ದ್ಬಿಟ್ಟಿದೀಯ. ಈಗ ಎಲ್ರೂ ಬೇಕಂತ್ಲೇ ನಿಧಾನ ಒತ್ತಿದ್ರೆ?"

"ಅದೇ ಭಯ ನನಗೂ. ಅಂಥವರು ಸಿಕ್ಕಿದರೆ ಅದನ್ನೂ ಇಲ್ಲೇ ಬರೀತೀನಿ."

"ನನ್ ಜನ ಸಿಕ್ಕಿಬಿದ್ರೂ?"

"ಯಾರೇ ಆದರೂ."

ಸೈರನ್ ಕೂಗಿತು. ಶಿಫ್ಟು ಮುಗಿಸಿದವರು ಮಣ್ಣು ಮೆತ್ತಿದ ಮುಖದಲ್ಲೇ ಹಲಗೆಯತ್ತ ಬರುತ್ತಿದ್ದರು. ಕುಪ್ಪುಸ್ವಾಮಿ ಅವರನ್ನು ನೋಡಿದ, ಹಲಗೆ ನೋಡಿದ. ಆಮೇಲೆ ಅವಳ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡ.

"ಇವ್ರಲ್ಲಿ ಅರ್ಧ ಜನಕ್ಕೆ ಕನ್ನಡ ಓದಕ್ಕೆ ಬರಲ್ಲ. ಅತ್ಲಾಗ್ ಸರ್ಕೋ," ಎಂದು ಗದರಿ, ಕೆಳಗೆ ತಮಿಳಿನಲ್ಲಿ ಬರೆಯತೊಡಗಿದ.